ಚುಕ್ಕಿ ಇಟ್ಟ ಹೆಸರುಗಳು

‘ಅರಭಾವಿ ದೊಡ್ಡ ಮೀಸಿ, ನಗ್ರಿ ಅಂದ್ರೂ ನಗಲಿಲ್ಲ (ಹಲ್ಲು ನೋವು)’. ಇದು ಒಂದು ಫೈಲಿನ ಹೆಸರು. ‘ಘಟಪ್ರಭಾ ಟೇಶನ್ ಬಾಜೂ ಚಾದಂಗಡಿ & ಹೆಂಡ್ತಿ, ಜಗಳಾಡಿ ಬಂದಿದ್ರು’. ಇದು ಇನ್ನೊಂದು. ‘ಕಿವಿ ಕಾಣಬೇಕಂತ ಸಾಹೇಬ್ರು ಹೇಳ್ಯಾರ, ಕೂದಲ ಹಿಂದ ಸರಿಸಿ ತಗದದ್ದು’. ಇದು ಮೂರನೆಯದು. ಇಂಥ ಹೆಸರು ಹೊತ್ತ ಸಾವಿರಾರು ಫೋಟೋಗಳ ನಡುವೆ ನಾನು ಮೂರು ವರ್ಷ ಕೆಲಸ ಮಾಡಿದೆ. ಆ ಹೆಸರುಗಳನ್ನು ಇಟ್ಟವರು ಮೂಡಲಗಿಯಲ್ಲಿ ಫೋಟೋ ಸ್ಟುಡಿಯೋ ನಡೆಸುತ್ತಿದ್ದ ಕಾಕಾ. ಊರಿಗೆಲ್ಲ ಅವರು ಕಾಕಾ, ನನಗೂ ಅಷ್ಟೇ.

ಹೋದ ತಿಂಗಳು ಹುಕ್ಕೇರಿಯಿಂದ ಅವರ ಮಗಳು ಫೋನ್ ಮಾಡಿದ್ದಳು. ಅಂಗಡಿ ಮುಚ್ಚಿದ ಮೇಲೆ ಕಾಕಾ ಅವಳ ಮನೆಯಲ್ಲೇ ಇದ್ದರು. “ಅಬ್ಬಾ ಹೋದ್ರು ಅಕ್ಕಾ. ಚಾ ಕುಡದು ಕಪ್ಪು ಕೆಳಗಿಟ್ರು, ಅಷ್ಟ,” ಎಂದಳು. ನಾನು ಗೋಕಾಕದಿಂದ ಬಸ್ಸು ಹಿಡಿದು ಹೋಗುವಷ್ಟರಲ್ಲಿ ಮಣ್ಣಾಗಿತ್ತು. ಆ ಮನೆಯಲ್ಲಿ ಕೂತು ಅಳಬೇಕೆಂದುಕೊಂಡೇ ಹೋದವಳು ನಾನು. ಆದರೆ ಅವರ ಮೊಮ್ಮಗಳು ಒಂದು ಮಾತು ಹೇಳಿ ನಗಿಸಿಬಿಟ್ಟಳು. ಅವಳ ಮೊಬೈಲಿನಲ್ಲಿ ಫೋಟೋಗಳಿಗೆಲ್ಲ ಬರೀ ಅಂಕಿಗಳ ಹೆಸರು ಇರುವುದನ್ನು ಕಂಡು ಅಜ್ಜ ಗದರಿದ್ದರಂತೆ: “ಮಂದಿಗೆ ನಂಬರ ಇಡತಾರೇನ? ಇದೇನ ಜೇಲು ಮಾಡೀ?”

ಇದೇ ಮಾತನ್ನು ನಾನು ಅವರ ಬಾಯಿಂದ ನೂರು ಸಲ ಕೇಳಿದ್ದೆ.

ನಾನು ಅವರಲ್ಲಿಗೆ ಹೋಗಿದ್ದು ಗತಿಯಿಲ್ಲದೆ. ಗೋಕಾಕದಲ್ಲಿ ನಾನು ಪಾಠ ಹೇಳುತ್ತಿದ್ದ ಕಂಪ್ಯೂಟರ್ ತರಬೇತಿ ಕೇಂದ್ರ ಬಾಗಿಲು ಹಾಕಿತ್ತು. ಮನೆಯಲ್ಲಿ ಸುಮ್ಮನೆ ಕೂಡುವ ಜಾಯಮಾನ ನನ್ನದಲ್ಲ. ಮೂಡಲಗಿಯಲ್ಲಿ ಒಬ್ಬರಿಗೆ ಫೋಟೋ ತಿದ್ದುವವರು ಬೇಕಾಗಿದ್ದಾರೆ ಎಂದು ಯಾರೋ ಹೇಳಿದರು, ಹೋದೆ. ನಾನು ಹಿಂದೆ ಪಾಠ ಹೇಳುತ್ತಿದ್ದೆ ಎಂದು ಗೊತ್ತಾದದ್ದೇ ತಡ, ಅವರು ನನ್ನನ್ನು “ಮೇಡಮ್ಮಾರ” ಎಂದು ಕರೆಯಲು ಶುರು ಮಾಡಿದರು. ಅದರಲ್ಲಿ ಅರ್ಧ ಗೌರವ, ಅರ್ಧ ಚೇಷ್ಟೆ. ನನಗಿಂತ ಮೂವತ್ತು ವರ್ಷ ದೊಡ್ಡವರು, ಒಂದು ದಿನವೂ ನನ್ನನ್ನು ಏಕವಚನದಲ್ಲಿ ಮಾತಾಡಿಸಲಿಲ್ಲ. ನನ್ನನ್ನೇನು, ಫೋಟೋ ತೆಗೆಸಲು ತಾಯಿಯ ಕಂಕುಳಲ್ಲಿ ಬಂದ ಕೂಸಿಗೂ “ಇಲ್ಲಿ ನೋಡ್ರಿ, ಅಪ್ಪಾರ” ಎನ್ನುತ್ತಿದ್ದರು. ಕೂಸು ಕಣ್ಣರಳಿಸಿ ನೋಡುತ್ತಿತ್ತು!

ಗಿರಾಕಿಯ ಗದ್ದವನ್ನು ಅವರು ಎರಡೇ ಬೆರಳಿನಿಂದ ಎತ್ತುತ್ತಿದ್ದರು. ಹೆಂಗಸರಾದರೆ ಬೆರಳು ತಾಗಿಸದೆ ಗಾಳಿಯಲ್ಲೇ ತೋರಿಸುತ್ತಿದ್ದರು, ಗದ್ದ ತಾನಾಗಿ ಮೇಲೇಳುತ್ತಿತ್ತು. ಅವರದು ಮುಸ್ಲಿಂ ಮನೆತನ. ಗೋಡೆಗೆ ಮನುಷ್ಯರ ಫೋಟೋ ಹಾಕುವುದು ಅವರ ಹಿರಿಯರಿಗೆ ಸೇರುತ್ತಿರಲಿಲ್ಲವಂತೆ. ಕಾಕಾನ ಮನೆಯ ಗೋಡೆ ಕೊನೆಯವರೆಗೂ ಬೋಳಾಗಿಯೇ ಇತ್ತು. “ನಮ್ಮ ಗೋಡಿ ಖಾಲಿ ಇಟ್ಟು ಮಂದಿ ಗೋಡಿ ತುಂಬೇನಿ ನೋಡ್ರಿ,” ಎಂದು ಹೇಳಿಕೊಂಡು ನಗುತ್ತಿದ್ದರು. ಖರೆ ಮಾತು. ಕೌಜಲಗಿಯಿಂದ ಅರಭಾವಿಯವರೆಗೆ ಯಾವ ಮನೆಗೆ ಹೋದರೂ ಪಡಸಾಲೆಯಲ್ಲಿ ಅವರು ತೆಗೆದ ಒಂದು ಮುಖ ಇದ್ದೇ ಇರುತ್ತಿತ್ತು.

ಅವರ ಕಂಪ್ಯೂಟರಿನಲ್ಲಿ ಊರಿಗೊಂದು ಫೋಲ್ಡರ್. ಆ ಊರಿನ ಫೋಲ್ಡರಿನಲ್ಲಿ ಆ ಊರಿನ ಮಂದಿ. ಯಾರದಾದರೂ ಫೋಟೋ ಬೇಕೆಂದರೆ ಅವರು “ತಗೀರಿ” ಎನ್ನುತ್ತಿರಲಿಲ್ಲ, “ಕರೀರಿ” ಎನ್ನುತ್ತಿದ್ದರು. ಹೆಸರುಗಳಿಗೆ ಅವರದೇ ಗುರುತುಗಳೂ ಇದ್ದವು. ಫೋಟೋ ತೆಗೆಸಿ ಒಯ್ಯಲು ಬಾರದವರ ಹೆಸರಿನ ಮೊದಲಿಗೆ ಒಂದು ಸಣ್ಣ ಅಡ್ಡಗೆರೆ. ಬಿಡುವಾದಾಗ ಅವರಿಗೆಲ್ಲ ಫೋನ್ ಮಾಡಿ ಕರೆಯುವುದು ಅವರ ರೂಢಿ. ಇನ್ನು, ತೀರಿಕೊಂಡವರ ಹೆಸರಿನ ಮೊದಲಿಗೆ ಒಂದು ಚುಕ್ಕಿ.

ಆ ಚುಕ್ಕಿಗೆ ಕಾರಣವಿತ್ತು. ಒಮ್ಮೆ, ನಾನು ಬರುವುದಕ್ಕೂ ಮೊದಲು, ಅವರು ಅಡ್ಡಗೆರೆ ನೋಡಿ ಒಂದು ಮನೆಗೆ ಫೋನ್ ಮಾಡಿ, ನಿಮ್ಮ ಯಜಮಾನರಿಗೆ ಫೋಟೋ ಒಯ್ಯಲು ಹೇಳಿ ಎಂದರಂತೆ. ಆ ಯಜಮಾನರು ಹೋಗಿ ಎಂಟು ದಿನವಾಗಿತ್ತು. ಆಚೆಯಿಂದ ಹೆಣ್ಣುಮಗಳು ಅತ್ತದ್ದನ್ನು ಕಾಕಾ ಮರೆಯಲಿಲ್ಲ. ಅಂದಿನಿಂದ ಯಾರ ಸುದ್ದಿ ಬಂದರೂ ಮೊದಲು ಚುಕ್ಕಿ. ಅದರಿಂದ ಇನ್ನೊಂದು ಅನುಕೂಲವೂ ಆಯಿತು. ಚುಕ್ಕಿ ಇಟ್ಟ ಹೆಸರು ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲೆ ಹೋಗಿ ನಿಲ್ಲುತ್ತಿತ್ತು. ತೀರಿಕೊಂಡವರ ಶಿವಗಣಾರಾಧನೆಗೆ ದೊಡ್ಡ ಫೋಟೋ ಬೇಕೆಂದು ಮನೆಯವರು ಓಡಿ ಬಂದಾಗ ಹುಡುಕುವ ಪ್ರಶ್ನೆಯೇ ಇಲ್ಲ. ಬಸ್ಸಿನ ಕಂಡಕ್ಟರು, ಹೂವಾಡಗಿತ್ತಿ, ಹಾಲು ತರುವವರು, ಯಾರಾದರೊಬ್ಬರು ಮುಂಜಾನೆ ಸುದ್ದಿ ತಲುಪಿಸುತ್ತಿದ್ದರು. ಕಾಕಾ ಆ ಫೈಲು ಹುಡುಕಿ, ಕುರ್ಚಿಯಿಂದ ಎದ್ದು ನಿಂತು, ಒಂದು ಬೆರಳಿನಿಂದ ಚುಕ್ಕಿ ಒತ್ತುತ್ತಿದ್ದರು. ಕೂತು ಒತ್ತಿದ್ದನ್ನು ನಾನು ನೋಡಿಲ್ಲ.

ಚುಕ್ಕಿ ಇಟ್ಟವರಲ್ಲಿ ಒಬ್ಬ ಹುಡುಗನಿದ್ದ. ಕಾಕಾ ‘ಅಕ್ಕಾರ’ ಎಂದು ಕರೆಯುತ್ತಿದ್ದ ಕೌಜಲಗಿಯ ಒಬ್ಬ ಹೆಣ್ಣುಮಗಳ ಒಬ್ಬನೇ ಮಗ. ಲಗ್ನಕ್ಕೆಂದು, ಹೆಣ್ಣಿನ ಕಡೆಯವರಿಗೆ ತೋರಿಸಲು ಫೋಟೋ ತೆಗೆಸಿಕೊಂಡು ಹೋದವನು, ಒಯ್ಯಲು ಬರುವ ಮೊದಲೇ ರಸ್ತೆಯಲ್ಲಿ ಮೋಟಾರ್ ಸೈಕಲ್ಲಿನಿಂದ ಬಿದ್ದು ತೀರಿಕೊಂಡ. ‘.ಕೌಜಲಗಿ ಅಕ್ಕಾರ ಮಗ, ಹೆಣ್ಣಿನವರಿಗೆ ತೋರಸಾಕ, ಬಾಳ ನಾಚತಿದ್ದ’. ಹೆಸರು ಇಷ್ಟು. ದಿನಕಾರ್ಯಕ್ಕೆ ಫೋಟೋಗೆ ಗಾಜಿನ ಕಟ್ಟು ಹಾಕಿಸಿ ಕೊಡುತ್ತೇನೆಂದು ಕಾಕಾ ತಾವಾಗಿಯೇ ಹೇಳಿ ಕಳಿಸಿದ್ದರು. ಆ ತಾಯಿ ಬೇಡ ಎಂದರು.

“ಗೋಡಿ ಮ್ಯಾಲ ಹಾಕಿದ್ರ ಹೋದಂಗ ಆಕ್ಕೈತ್ರಿ,” ಎಂದಿದ್ದರಂತೆ. “ಅಂವ ಇಲ್ಲೇ ನಿಮ್ಮ ಹಂತೇಕ ಇರ್ಲಿ. ಸಂತಿಗೆ ಬಂದಾಗ ನೋಡಿ ಹೊಕ್ಕೇನಿ.”

ಹಾಗೆಯೇ ನಡೆದಿತ್ತು. ಮೂಡಲಗಿಯ ಸಂತೆಯ ದಿನ ಮಧ್ಯಾಹ್ನ ಅವರು ಬಂದು ಕಂಪ್ಯೂಟರಿನ ಎದುರಿನ ಕುರ್ಚಿಯಲ್ಲಿ ಕೂಡುತ್ತಿದ್ದರು. ಕಾಕಾ ಪರದೆಯನ್ನು ಅವರ ಕಡೆ ತಿರುಗಿಸಿ ಮಗನನ್ನು ತೆರೆದಿಡುತ್ತಿದ್ದರು. ಗಿರಾಕಿಗಳು ಎಷ್ಟೇ ಇರಲಿ, ಆ ಹೊತ್ತು ಆ ಕಂಪ್ಯೂಟರ್ ನನಗೂ ಸಿಗುತ್ತಿರಲಿಲ್ಲ. ಅವರು ಅಳುತ್ತಿದ್ದರೇನೋ ಎಂದು ನೀವು ತಿಳಿಯಬಹುದು. ಇಲ್ಲ. ಮಗನ ಮುಖ ನೋಡುತ್ತ ಮೆಣಸಿನಕಾಯಿಯ ರೇಟು ಹೇಳುತ್ತಿದ್ದರು, ಎಮ್ಮೆ ಈದದ್ದು ಹೇಳುತ್ತಿದ್ದರು. ಅರ್ಧ ಮಾತು ಕಾಕಾಗೆ, ಅರ್ಧ ಮಾತು ಪರದೆಗೆ. ಆಮೇಲೆ “ಸಾಕ್ರಿ” ಎಂದು ಎದ್ದು ಸೆರಗು ಸರಿ ಮಾಡಿಕೊಂಡು ಬಸ್ಸಿಗೆ ಹೋಗುತ್ತಿದ್ದರು. ಹೀಗೆ ಎರಡು ವರ್ಷ. ಆ ಫೋಟೋ ಬೇರೆಲ್ಲೂ ಇರಲಿಲ್ಲ. ಕಾಗದದ ಮೇಲಂತೂ ಇರಲೇ ಇಲ್ಲ.

ಇನ್ನು ನನ್ನ ಘನಕಾರ್ಯಕ್ಕೆ ಬರುತ್ತೇನೆ.

ಒಂದು ಸಂತೆಯ ಮರುದಿನ ಸ್ಟುಡಿಯೋದ ಕಂಪ್ಯೂಟರ್ ಏಳಲಿಲ್ಲ. ಹಾರ್ಡ್ ಡಿಸ್ಕ್ ಕಟಕಟ ಸದ್ದು ಮಾಡುತ್ತಿತ್ತು. ರಿಪೇರಿಯವರನ್ನು ಕರೆಸೋಣ ಎಂದರು ಕಾಕಾ. ನಾನು ಬಿಡುತ್ತೇನೆಯೇ? ತರಬೇತಿ ಕೇಂದ್ರದಲ್ಲಿ ಲಿನಕ್ಸ್ ಪಾಠ ಹೇಳಿದವಳು, ವಿಂಡೋಸ್ ಎಂದರೆ ಮೂಗು ಮುರಿಯುವವಳು. “ಒಂದು ಪೆನ್‌ಡ್ರೈವ್ ಸಾಕು ಕಾಕಾ, ನಾನೇ ಎಲ್ಲ ಹೊಸ ಡಿಸ್ಕಿಗೆ ಹಾಕತೇನಿ,” ಎಂದೆ. ಪೆನ್‌ಡ್ರೈವಿನಿಂದ ಲಿನಕ್ಸ್ ಎಬ್ಬಿಸಿ, ಕಪ್ಪು ಪರದೆ ತೆರೆದು ಬಿಳಿ ಅಕ್ಷರದಲ್ಲಿ ಆದೇಶ ಟೈಪ್ ಮಾಡಲು ಕೂತೆ. ಕಾಕಾ ನನ್ನ ಹಿಂದೆ ಸ್ಟೂಲ್ ಹಾಕಿಕೊಂಡು ಕೂತರು.

ಅವರು ಇಟ್ಟ ಹೆಸರುಗಳು ಎಂಥ ಹೆಸರುಗಳು ಎಂಬುದು ನನಗೆ ಆಗ ಗೊತ್ತಾಯಿತು. ‘ಅರಭಾವಿ ದೊಡ್ಡ ಮೀಸಿ’ ಎಂದು ಟೈಪ್ ಮಾಡಿ ನಕಲು ಮಾಡು ಎಂದರೆ, ಅರಭಾವಿ ಎಂಬ ಫೈಲಿಲ್ಲ, ದೊಡ್ಡ ಎಂಬ ಫೈಲಿಲ್ಲ, ಮೀಸಿ ಎಂಬ ಫೈಲಿಲ್ಲ ಎಂದು ಮೂರು ತಕರಾರು. ನಡುವೆ ಜಾಗ ಬಿಟ್ಟರೆ ಅದಕ್ಕೆ ಮೂರು ಹೆಸರು ಎಂದೇ ಲೆಕ್ಕ. ಹಲ್ಲು ನೋವಿನ ಕಂಸ ಕಂಡ ಕೂಡಲೇ ಮುಂದೆ ಓದುವುದಿಲ್ಲ ಎಂದು ಹಟ ಹಿಡಿಯಿತು. ಚಹಾ ಅಂಗಡಿಯ ದಂಪತಿಯ ಹೆಸರಿನಲ್ಲಿ ಆ ‘&’ ಇತ್ತಲ್ಲ, ಅಲ್ಲಿಗೆ ಒಂದು ಆದೇಶ ಮುಗಿದು ಅಲ್ಲಿಂದಾಚೆ ಇನ್ನೊಂದು ಆದೇಶ ಶುರುವಾಗುತ್ತದೆ ಎಂದು ತಿಳಿದುಕೊಂಡು, ‘ಹೆಂಡ್ತಿ’ ಎಂಬ ಆದೇಶ ಈ ಯಂತ್ರದಲ್ಲಿ ಇಲ್ಲ ಎಂದು ತೋರಿಸಿತು. ನಾನು ಅದನ್ನು ಕಾಕಾಗೆ ಓದಿ ಹೇಳಿದೆ.

“ಇಲ್ಲೇನು? ನಮ್ಮ ಮನ್ಯಾಗ ಇದ್ದದ್ದ ಅದೊಂದ ಆದೇಶರಿ!” ಎಂದು ತೊಡೆ ತಟ್ಟಿಕೊಂಡು ನಕ್ಕರು. ಅವರ ಹೆಂಡತಿ ಹೋಗಿ ಆಗಲೇ ಬಹಳ ವರ್ಷವಾಗಿತ್ತು.

ಒಂದೊಂದಾಗಿ ಟೈಪ್ ಮಾಡುವುದು ಬಿಟ್ಟು, ಇಡೀ ಡಿಸ್ಕನ್ನು ಒಂದೇ ಏಟಿಗೆ ನಕಲು ಮಾಡಲು ನೋಡಿದೆ. ಡಿಸ್ಕ್ ನಡುವೆ ಕುಸಿದು ನಿಂತುಬಿಡುತ್ತಿತ್ತು. ಹಾಗಾಗಿ ಒಂದೊಂದೇ ಊರಿನ ಫೋಲ್ಡರಿಗೆ ಹೋಗಿ, ನಕ್ಷತ್ರದ ಗುರುತು ಹಾಕಿ, ಇಲ್ಲಿರುವುದೆಲ್ಲ ಅಲ್ಲಿಗೆ ಎಂದು ಆದೇಶ ಕೊಟ್ಟೆ. ಈಗ ಅಡ್ಡಗೆರೆಯ ಮಂದಿ ತಕರಾರು ತೆಗೆದರು. ಅಡ್ಡಗೆರೆಯಿಂದ ಶುರುವಾಗುವ ಮಾತು ಆ ಯಂತ್ರಕ್ಕೆ ಹೆಸರಲ್ಲ, ಹುಕುಂ. ಇಂಥ ಹುಕುಂ ನನಗೆ ಗೊತ್ತಿಲ್ಲ ಎಂದು ಕೈ ಚೆಲ್ಲಿತು. ಅದಕ್ಕೂ ಉಪಾಯ ಮಾಡಿದೆ. ಕೆಲವು ಹೆಸರು ತೀರ ಉದ್ದವಾದವು, ಹಿಡಿಸುವುದಿಲ್ಲ ಎಂದಿತು. ಕನ್ನಡದ ಒಂದೊಂದು ಅಕ್ಷರ ಅದಕ್ಕೆ ಮೂರು ಪಟ್ಟು ಜಾಗ ತಿನ್ನುತ್ತದೆ. ಕಾಕಾನನ್ನು ಕೇಳಿ ಕೇಳಿ ಹೆಸರು ಮೊಟಕು ಮಾಡಿದೆ. “ಸೀನತಿದ್ರು ಅನ್ನೂದು ತಗೀಬ್ಯಾಡ್ರಿ, ಬೇಕಾದ್ರ ಊರಿನ ಹೆಸರು ತಗೀರಿ,” ಎಂದು ಒಬ್ಬರ ವಿಷಯದಲ್ಲಿ ಕಾಲು ಗಂಟೆ ವಾದ ಮಾಡಿದರು.

ಸಂಜೆಯ ಹೊತ್ತಿಗೆ ಮುಗಿಯಿತು. ಹಳೆಯದರಲ್ಲಿ ಎಷ್ಟು ಫೈಲು, ಹೊಸದರಲ್ಲಿ ಎಷ್ಟು ಫೈಲು ಎಂದು ಊರೂರಿಗೂ ಎಣಿಸಿ ನೋಡಿದೆ. ಒಂದೂ ಹೆಚ್ಚು ಕಡಿಮೆ ಇಲ್ಲ. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

“ಎಲ್ಲಾರೂ ಬಂದ್ರೇನ್ರಿ?” ಎಂದರು ಕಾಕಾ.

“ಎಲ್ಲಾರೂ ಬಂದ್ರು ಕಾಕಾ.”

ಮರುದಿನ ಹಳೆಯ ಡಿಸ್ಕನ್ನು ಅಳಿಸಿ, ಇದು ಇನ್ನೂ ಬಾಳುತ್ತದೆಯೇ ನೋಡೋಣ ಎಂದು ಒಂದು ಲಗ್ನದ ವೀಡಿಯೋ ಅದಕ್ಕೆ ತುಂಬಿಸಿದೆ. ಹೊಸ ಡಿಸ್ಕಿಗೆ ಲಿನಕ್ಸ್ ಹಾಕಿ ಕಾಕಾಗೆ ಒಪ್ಪಿಸಿದೆ. ಅವರು ಹೊಸ ಪರದೆ ನೋಡಿ, ಬಣ್ಣ ಚೆನ್ನಾಗಿದೆ ಎಂದರು.

ಅದರ ಮರುದಿನ ಮುಂಜಾನೆ ಅರಭಾವಿಯ ದೊಡ್ಡ ಮೀಸೆಯವರು ತೀರಿಕೊಂಡ ಸುದ್ದಿ ಬಂತು. ಕಾಕಾ ಫೈಲು ಹುಡುಕಿದರು. ಎದ್ದು ನಿಂತರು. ಹೆಸರಿನ ಮೊದಲಿಗೆ ಹೋಗಿ ಚುಕ್ಕಿ ಒತ್ತಿ, ಎಂಟರ್ ಹೊಡೆದರು. ಕಣ್ಣೆದುರೇ ಫೈಲು ಮಾಯವಾಯಿತು.

“ಮೇಡಮ್ಮಾರ, ಹೋದ್ರಲ್ರಿ!” ಎಂದರು ಗಾಬರಿಯಾಗಿ.

ನಾನು ನಕ್ಕೆ. ಎಷ್ಟು ಹಗುರವಾಗಿ ನಕ್ಕೆ ಎಂದು ನೆನೆದರೆ ಈಗಲೂ ಮೈ ಉರಿಯುತ್ತದೆ. “ಎಲ್ಲೂ ಹೋಗಿಲ್ಲ ಕಾಕಾ. ವಿಂಡೋಸ್‌ನಂಗ ಅಲ್ಲ, ಲಿನಕ್ಸ್‌ನಾಗ ಚುಕ್ಕಿಯಿಂದ ಶುರುವಾಗೂ ಹೆಸರು ಮರೆಯಾಗಿ ಕೂಡತಾವು. ನೋಡ್ರಿ,” ಎಂದು ಎರಡು ಕೀಲಿ ಒತ್ತಿದೆ. ದೊಡ್ಡ ಮೀಸೆಯವರು ಮಸುಕಾಗಿ ಮತ್ತೆ ಕಾಣಿಸಿದರು. ಅವರೊಬ್ಬರೇ.

ಅರಭಾವಿಯ ಫೋಲ್ಡರಿನಲ್ಲಿ ಇನ್ನೂ ಬಹಳ ಜನ ಚುಕ್ಕಿಯವರಿದ್ದರು. ಒಬ್ಬರೂ ಇಲ್ಲ. ಕೌಜಲಗಿ ತೆರೆದೆ, ಇಲ್ಲ. ಘಟಪ್ರಭಾ, ಇಲ್ಲ. ನಕ್ಷತ್ರದ ಗುರುತು ಎಲ್ಲವನ್ನೂ ತರುತ್ತದೆ, ಆದರೆ ಚುಕ್ಕಿಯಿಂದ ಶುರುವಾಗುವುದನ್ನು ಬಿಟ್ಟು. ಎಣಿಸುವಾಗಲೂ ಆ ಯಂತ್ರ ಅವನ್ನು ಎಣಿಸುವುದಿಲ್ಲ. ಹಾಗಾಗಿ ಎರಡೂ ಕಡೆ ಅಂಕಿ ಸರಿಯಾಗಿ ಬಂದಿತ್ತು. ಇದನ್ನು ನಾನೇ ಬೋರ್ಡಿನ ಮೇಲೆ ಬರೆದು ಮಕ್ಕಳಿಗೆ ಪಾಠ ಹೇಳಿದ್ದೆ, ಪರೀಕ್ಷೆಗೆ ಪ್ರಶ್ನೆಯನ್ನೂ ಕೊಟ್ಟಿದ್ದೆ! ಕಾಕಾನ ಚುಕ್ಕಿ ನನಗೆ ಅವರ ರೂಢಿಯಾಗಿತ್ತು, ಕಂಪ್ಯೂಟರಿನ ಸಂಗತಿ ಎಂದು ಒಮ್ಮೆಯೂ ಅನ್ನಿಸಿರಲಿಲ್ಲ. ತಕರಾರು ತೆಗೆದವರನ್ನೆಲ್ಲ ಒಬ್ಬೊಬ್ಬರನ್ನಾಗಿ ರಮಿಸಿ ಕರೆತಂದೆ. ತಕರಾರು ತೆಗೆಯದೆ ಸುಮ್ಮನಿದ್ದವರನ್ನು ಬಿಟ್ಟು ಬಂದೆ, ಬಿಟ್ಟು ಬಂದದ್ದಲ್ಲದೆ ಮನೆಯನ್ನೂ ಅಳಿಸಿದೆ.

ಹೇಳಬೇಕಾಯಿತು, ಹೇಳಿದೆ. ಬೈದಿದ್ದರೆ ಹಗುರಾಗುತ್ತಿತ್ತು. ಕಾಕಾ ಸ್ಟೂಲಿನ ಮೇಲೆ ಕೂತು, ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಒರೆಸಿದರು. ಬಹಳ ಹೊತ್ತು ಒರೆಸಿದರು.

“ಸಂತಿ ಇನ್ನ ಎಷ್ಟ ದಿನ ಐತ್ರಿ?” ಎಂದರು.

“ನಾಕು ದಿನ.”

“ಬ್ಯಾರೇದವರ ಮನ್ಯಾಗ ಕಟ್ಟು ಅದಾವು. ಇಳಿಸಿ ಮತ್ತ ಫೋಟೋ ಹೊಡಕೊಂಡ ಬರತೇನಿ. ಅಕ್ಕಾರಿಗೆ ಏನ ಹೇಳೂನ್ರಿ?”

ನಾನು ಅತ್ತೆ. ಅವರು ಎದ್ದು ಹೋಗಿ ನೀರಿನ ತಂಬಿಗೆ ತಂದು ನನ್ನ ಮುಂದಿಟ್ಟರು. “ಅಳಾಕ ಸಂತಿ ಆದ ಮ್ಯಾಲ ಟೈಮ್ ಐತಿ. ಮೊದಲ ಏನರ ಮಾಡಾಕ ಬರತೈತೇನ ನೋಡ್ರಿ.”

ಅಳಿಸಿದ ಡಿಸ್ಕಿನಿಂದ ಫೋಟೋ ಹೆಕ್ಕಿ ತೆಗೆಯುವ ಒಂದು ಪುಕ್ಕಟೆ ಪ್ರೋಗ್ರಾಮ್ ಇದೆ. ಅದು ತಳ ಕೆರೆದು ಸಿಕ್ಕಿದ್ದನ್ನೆಲ್ಲ ತರುತ್ತದೆ, ಆದರೆ ಹೆಸರು ತರುವುದಿಲ್ಲ. ಒಂದೂವರೆ ದಿನ ಓಡಿದ ಮೇಲೆ ಅದು ಒಂದು ರಾಶಿ ಹಾಕಿತು. ಊರಿಲ್ಲ, ಹೆಸರಿಲ್ಲ, ಬರೀ ಉದ್ದುದ್ದ ಅಂಕಿ. ಬದುಕಿದ್ದವರು, ಹೋದವರು, ಲಗ್ನದ ಮಂಟಪ, ಬ್ಯಾನರಿಗೆ ತಂದ ಗುಲಾಬಿ ಹೂವು, ಎಲ್ಲ ಒಂದರಲ್ಲೊಂದು ಕಲಸಿಕೊಂಡಿದ್ದವು. ಕೆಲವು ಅರ್ಧಕ್ಕೇ ಬೂದಿ ಬಣ್ಣ. ನಾನು ತುಂಬಿಸಿದ ಲಗ್ನದ ವೀಡಿಯೋ ಕೂತ ಜಾಗದಲ್ಲಿದ್ದವರು ಪೂರ್ತಿ ಹೋಗಿದ್ದರು.

ಕಾಕಾ ಕನ್ನಡಕ ಏರಿಸಿ ಕೂತರು. ನಾನು ಒಂದೊಂದೇ ಫೋಟೋ ತೆರೆಯುವುದು, ಅವರು ಹೇಳುವುದು, ನಾನು ಟೈಪ್ ಮಾಡುವುದು.

“ಇವರು ಅರಭಾವಿ ಕಾಲೇಜಿನ ತೋಟದ ಮಾಳಿ. ಕ್ಯಾಮೆರಾ ನೋಡ್ರಿ ಅಂದ್ರ ನನ್ನ ಕಾಲ ನೋಡತಿದ್ರು. ಹೋಗ್ಯಾರ. ಇವರು ಬಳಿಗಾರ ಅಜ್ಜಿ, ಹೋಗ್ಯಾರ. ಇವರು ಅದಾರ, ನಿನ್ನಿ ಬಸ್ಸಿನ್ಯಾಗ ಸಿಕ್ಕಿದ್ರು. ಇವರು... ತಡೀರಿ, ಮೂಗು ದೊಡ್ಡದು ಮಾಡ್ರಿ.”

ಬಟ್ಟೆಯಿಂದ ಗುರುತಿಸುವ ಹಾಗಿರಲಿಲ್ಲ. ಸ್ಟುಡಿಯೋದಲ್ಲಿ ಗಂಡಸರಿಗೆಂದು ಒಂದು ಕಪ್ಪು ಕೋಟು, ಒಂದು ಕೆಂಪು ಟೈ ಮೊಳೆಗೆ ನೇತು ಹಾಕಿರುತ್ತಿತ್ತು. ದಪ್ಪಗಿದ್ದವರಿಗೆ ಗುಂಡಿ ಹಾಕದೆ, ಸಣ್ಣಗಿದ್ದವರಿಗೆ ಬೆನ್ನ ಹಿಂದೆ ಬಟ್ಟೆ ಒಣಗಿಸುವ ಕ್ಲಿಪ್ಪು ಹಾಕಿ ಅದನ್ನೇ ತೊಡಿಸುತ್ತಿದ್ದರು. ಸುತ್ತಿನ ಹತ್ತಾರು ಹಳ್ಳಿಯ ಗಂಡಸರೆಲ್ಲ ಒಂದೇ ಕೋಟಿನಲ್ಲಿ ಅಮರರಾಗಿದ್ದರು. ಆದರೂ ಕಾಕಾ ಕಿವಿಯ ಹಾಲೆಯಿಂದ, ಹುಬ್ಬಿನಿಂದ, ಗದ್ದ ಎತ್ತಿದಾಗ ತಮ್ಮ ಬೆರಳಿಗೆ ತಾಗಿದ ಗಡ್ಡದಿಂದ ಒಬ್ಬೊಬ್ಬರನ್ನೂ ಕರೆದರು. ಗೊತ್ತಾಗದವರು ಕೆಲವರು ಉಳಿದರು. ಅವರ ಸಣ್ಣ ಪ್ರಿಂಟು ಹಾಕಿಸಿಕೊಂಡು ಮುಂದೆ ಎಷ್ಟೋ ತಿಂಗಳು ಸ್ಕೂಟರಿನಲ್ಲಿ ಊರೂರು ತಿರುಗಿದರು. ಯಾರ ಮನೆಗೆ ಹೋದರೂ “ನನ್ನ ಕೈಯಿಂದ ಒಂದ ತಪ್ಪಾಗೈತ್ರಿ” ಎಂದೇ ಶುರು ಮಾಡುತ್ತಿದ್ದರಂತೆ. ನನ್ನ ಹೆಸರು ಎಲ್ಲಿಯೂ ಬರಲಿಲ್ಲ.

ಹೋದವರನ್ನೆಲ್ಲ ಬೇರೆ ಫೋಲ್ಡರಿನಲ್ಲಿ ಇಡೋಣ, ಚುಕ್ಕಿಯ ತಂಟೆಯೇ ಬೇಡ ಎಂದೆ ನಾನು.

“ಬ್ಯಾಡ್ರಿ. ಊರ ಹೊರಗ ಹಾಕಿದಂಗ ಆಕ್ಕೈತಿ. ತಮ್ಮ ತಮ್ಮ ಊರಾಗ, ತಮ್ಮ ಮಂದಿ ನಡುವ ಇರ್ಲಿ. ಚುಕ್ಕಿ ಹೆಸರಿನ ಹಿಂದಗಡೆ ಇಟ್ರ ನಡೀತೈತೇನ್ರಿ?”

ನಡೆಯುತ್ತದೆ ಎಂದೆ. ಹಾಗೆಯೇ ಮಾಡಿದೆವು.

ಸಂತೆಯ ಹಿಂದಿನ ದಿನ ಮಧ್ಯಾಹ್ನದವರೆಗೂ ಕೌಜಲಗಿಯ ಹುಡುಗ ಸಿಗಲಿಲ್ಲ. ರಾಶಿ ಕರಗುತ್ತ ಬಂದಿತ್ತು. ನನಗೆ ಅವನ ಮುಖ ಚೆನ್ನಾಗಿ ಗೊತ್ತಿತ್ತು, ಆದರೂ ಪ್ರತಿಯೊಂದು ತೆರೆಯುವಾಗ ಕಾಕಾನ ಮುಖ ನೋಡುತ್ತಿದ್ದೆ. ಅವರು “ಮುಂದ” ಎನ್ನುತ್ತಿದ್ದರು. ಮುಂದ, ಮುಂದ, ಮುಂದ. ಒಂದು ಕಡೆ ಅವರು ಕೈ ಎತ್ತಿ ತಡೆದರು. ಪರದೆಯ ಮೇಲೆ ತಲೆ ಸ್ವಲ್ಪ ತಗ್ಗಿಸಿ, ತುಟಿ ಬಿಗಿಹಿಡಿದು, ನಗು ತಡೆಯಲಾರದ ಹುಡುಗನಿದ್ದ. ಗದ್ದದವರೆಗೆ ಸ್ವಚ್ಛವಾಗಿದ್ದ. ಗದ್ದದ ಕೆಳಗೆ ಏನೂ ಇರಲಿಲ್ಲ, ಬರೀ ಬೂದಿ ಬಣ್ಣ.

“ಬಂದಾನ,” ಎಂದರು ಕಾಕಾ.

ಮರುದಿನ ಅಕ್ಕಾರು ಬಂದು ಕೂತರು. ಕಾಕಾ ಪರದೆ ತಿರುಗಿಸಲಿಲ್ಲ. ಅವರೆದುರು ಸ್ಟೂಲ್ ಹಾಕಿಕೊಂಡು ಕೂತು, “ಅಕ್ಕಾರ, ಒಂದ ಮಾತ ಹೇಳಬೇಕ್ರಿ. ಮಶಿನ್ ಕೆಟ್ಟಿತ್ತು. ನನ್ನ ಕೈಯಿಂದ ತಪ್ಪಾತು. ನಿಮ್ಮ ಮಗನ ಫೋಟೋ...” ಎಂದು ಶುರು ಮಾಡಿದರು.

“ಕಾಕಾಂದಲ್ರಿ, ತಪ್ಪು ನಂದು,” ಎಂದೆ ನಾನು. ಅಷ್ಟಾದರೂ ಮರ್ಯಾದೆ ಉಳಿದಿತ್ತು ನನಗೆ. “ನಾನ ಅಳಿಸೀನಿ. ಅರ್ಧ ಅಷ್ಟ ಮರಳಿ ಸಿಕ್ಕೈತಿ.”

ಅವರು ನಮ್ಮಿಬ್ಬರನ್ನೂ ನೋಡಿದರು. “ತೋರಸ್ರಿ,” ಎಂದರು.

ಕಾಕಾ ಪರದೆ ತಿರುಗಿಸಿದರು. ಅಕ್ಕಾರು ಬಹಳ ಹೊತ್ತು ನೋಡಿದರು. ಬೂದಿ ಬಣ್ಣ ಶುರುವಾಗುವ ಗೆರೆಯ ಮೇಲೆ ತೋರುಬೆರಳು ಇಟ್ಟು ಒಂದು ತುದಿಯಿಂದ ಇನ್ನೊಂದು ತುದಿಗೆ ಎಳೆದರು.

“ಇದರ ಕೆಳಗ ಏನಿತ್ರಿ?”

“ಕೋಟರಿ,” ಎಂದರು ಕಾಕಾ ತಲೆ ತಗ್ಗಿಸಿ. “ಕೋಟು, ಟೈ.”

“ಕೋಟ ನಿಮ್ಮದಲ್ರಿ. ಅದು ಹೋದ್ರ ನಿಮಗ ಲುಕ್ಸಾನ.” ಅವರು ಬೆರಳನ್ನು ಮೇಲಕ್ಕೆ, ಮಗನ ಮುಖಕ್ಕೆ ಸರಿಸಿದರು. “ಮಾರಿ ನಮ್ಮಂವಂದು. ಅದು ಐತಿ.”

ನಾನು ಹೊರಗೆ ಹೋಗಿ ಕಣ್ಣೊರೆಸಿಕೊಂಡು ಬಂದೆ. ಬಂದಾಗ ಅಕ್ಕಾರು ಇನ್ನೂ ನೋಡುತ್ತಲೇ ಇದ್ದರು. ಮೆಣಸಿನಕಾಯಿಯ ಮಾತಿಲ್ಲ, ಎಮ್ಮೆಯ ಮಾತಿಲ್ಲ. ಕೊನೆಗೆ ಕೇಳಿದರು, “ಮತ್ತ ಒಮ್ಮಿ ಹಿಂಗ ಆಗಾಂಗಿಲ್ಲಲ್ರಿ?”

ಆಗುವುದಿಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಒಮ್ಮೆ ಎಲ್ಲರೂ ಬಂದರು ಎಂದು ಹೇಳಿ ಆಗಿತ್ತು. ಕಾಕಾ ಕೂಡ ಸುಳ್ಳು ಹೇಳುವವರಲ್ಲ.

“ಕಾಗದಕ್ಕ ಹಾಕಿ ಕೊಡ್ರಿ,” ಎಂದರು ಅಕ್ಕಾರು.

ಕಾಕಾ ನನ್ನನ್ನು ಮುಟ್ಟಗೊಡಲಿಲ್ಲ. ತಾವೇ ಬಣ್ಣ ನೋಡಿದರು, ತಾವೇ ಪ್ರಿಂಟು ತೆಗೆದರು, ಬೂದಿ ಗೆರೆಯ ಮೇಲಕ್ಕೆ ಕತ್ತರಿಸಿದರು. ಕಟ್ಟು ಹಾಕಲೇ ಎಂದು ಕೇಳಿದರು.

“ಕಟ್ಟು ಬ್ಯಾಡ್ರಿ, ಕಾಚು ಬ್ಯಾಡ್ರಿ. ಕೈಯಾಗ ಹಿಡಕೋಬೇಕು.”

ಅವರು ಅದನ್ನು ಎರಡೂ ಅಂಗೈಯಲ್ಲಿ ತೆಗೆದುಕೊಂಡು, ಹೆಬ್ಬೆರಳಿನಿಂದ ಹಣೆ ಸವರಿ, ಸೆರಗಿನಲ್ಲಿ ಸುತ್ತಿ ಎದೆಗೆ ಹಿಡಿದುಕೊಂಡರು. ಸಂತೆಯ ಚೀಲ ಎತ್ತಲು ಕೈ ಉಳಿಯಲಿಲ್ಲ. ಹೊರಗೆ ಏಳೆಂಟು ಗಿರಾಕಿಗಳು ಕಾಯುತ್ತಿದ್ದರು. ಸಂತೆಯ ದಿನ ಅಂಗಡಿ ಬಿಟ್ಟು ಒಂದು ಹೆಜ್ಜೆ ಹೊರಗಿಡದ ಕಾಕಾ ಆ ಚೀಲ ಹೆಗಲಿಗೆ ಹಾಕಿಕೊಂಡು ಬಸ್‌ಸ್ಟ್ಯಾಂಡಿನವರೆಗೆ ಹೋದರು. ಕೌಜಲಗಿ ಬಸ್ಸು ಬಿಟ್ಟ ಮೇಲೆಯೇ ಮರಳಿದರು.

ಮುಂದಿನ ಸಂತೆಗೆ ಮಧ್ಯಾಹ್ನವಾಯಿತು, ಎರಡು ಗಂಟೆಯಾಯಿತು. ನಾನು ಬಾಗಿಲ ಕಡೆ ನೋಡುತ್ತಲೇ ಇದ್ದೆ. ಅಕ್ಕಾರಿಗೆ ನಮ್ಮ ಮೇಲೆ ಸಿಟ್ಟು ಬಂದಿರಬೇಕು, ಆರಾಮ ಇಲ್ಲವೇನೋ, ಫೋನ್ ಮಾಡಿ ನೋಡೋಣವೇ ಎಂದೆ.

“ಬರಾಂಗಿಲ್ಲ ಬಿಡ್ರಿ, ಮೇಡಮ್ಮಾರ,” ಎಂದರು ಕಾಕಾ. “ಮಗ ಮನ್ಯಾಗ ಅದಾನ. ಇಲ್ಲಿಗೆ ಯಾಕ ಬರತಾರ?”

ಹಾಗೆಂದು ಅವರು ಖುಷಿಯಿಂದಲೇ ನಕ್ಕರು. ಆದರೆ ಆ ದಿನ ಅಂಗಡಿ ಮುಚ್ಚುವವರೆಗೂ ಆ ಕುರ್ಚಿಯ ಮೇಲೆ ಬೇರೆ ಯಾರನ್ನೂ ಕೂಡಿಸಲಿಲ್ಲ.